ಹಳೆಯ ವ್ಯಾನಿನಲ್ಲಿ ಗ್ರೀಸ್ ಪ್ರಯಾಣ: ಘಟ್ಟದ ರಸ್ತೆಗಳು ಸೂಕ್ತವೇ?

ಪ್ರಶ್ನೆ

ಇಟಲಿಯ ಬಾರಿ ಬಂದರಿನಿಂದ ಹಡಗಿನಲ್ಲಿ ಗ್ರೀಸ್‌ನ ಇಗುಮೆನಿತ್ಸಾ ಬಂದರಿಗೆ ಬಂದಿಳಿದು, ಬಂಡೆಗಳ ತುದಿಯಲ್ಲಿ ಮಠಗಳಿರುವ ಮೆಟಿಯೊರಾ ನೋಡಿಕೊಂಡು, ದಕ್ಷಿಣ ಗ್ರೀಸ್‌ನ ಪರ್ಯಾಯದ್ವೀಪವಾದ ಪೆಲೊಪೊನೀಸ್‌ನ ದಕ್ಷಿಣದ ಮಾನಿ ಪ್ರದೇಶದವರೆಗೆ ನಮ್ಮದೇ ವ್ಯಾನಿನಲ್ಲಿ ಹೋಗಬೇಕೆಂದು ನಾನೂ ನನ್ನ ಪತ್ನಿಯೂ ನಿಶ್ಚಯಿಸಿದ್ದೇವೆ. ವ್ಯಾನು 1980ರ ದಶಕದ್ದು. ಟರ್ಬೊ ಇಲ್ಲದ ಡೀಸೆಲ್ ಎಂಜಿನ್, ಎತ್ತರದ ಛಾವಣಿ. ಸಮಯದ ಒತ್ತಡವೇನೂ ಇಲ್ಲ. ಎಗ್ನಾಟಿಯಾ ಹೆದ್ದಾರಿಯನ್ನು ಬಿಟ್ಟು ಹಳೆಯ ಘಟ್ಟದ ರಸ್ತೆಗಳನ್ನೇ ಹಿಡಿದರೆ ಗಾಡಿ ತಾಳಿಕೊಳ್ಳುತ್ತದೆಯೇ? ರಾತ್ರಿ ತಂಗುವ ವ್ಯವಸ್ಥೆ ಹೇಗೆ? ಅನುಭವಿಗಳು ದಯವಿಟ್ಟು ತಿಳಿಸಿ.

ಉತ್ತರ 1

ಖಂಡಿತ ತಾಳಿಕೊಳ್ಳುತ್ತದೆ. ಆದರೆ ಹಳೆಯ ಗಾಡಿಗೆ ಏರುದಾರಿಗಿಂತ ಇಳಿಜಾರೇ ನಿಜವಾದ ಪರೀಕ್ಷೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಏರುವಾಗ ಎಂಜಿನ್ ಬಿಸಿಯಾದರೆ ಉಷ್ಣತೆಯ ಮುಳ್ಳು ಮೇಲೇರಿ ನಿಮ್ಮನ್ನು ಎಚ್ಚರಿಸುತ್ತದೆ, ಪಕ್ಕಕ್ಕೆ ನಿಲ್ಲಿಸಿ ಕಾಯಬಹುದು. ಬ್ರೇಕ್ ಹಾಗಲ್ಲ. ಬ್ರೇಕ್ ಆಯಿಲ್ ವರ್ಷಗಳು ಕಳೆದಂತೆ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಅದರ ಕುದಿಯುವ ಬಿಂದು ಇಳಿದಿರುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಪೆಡಲನ್ನು ಒತ್ತಿಕೊಂಡೇ ಇದ್ದರೆ ಆ ಶಾಖಕ್ಕೆ ಆಯಿಲ್ ಕುದಿದು ಆವಿಯ ಗುಳ್ಳೆಗಳೇಳುತ್ತವೆ, ಆಗ ಪೆಡಲ್ ಮೆತ್ತಗಾಗಿ ತಳಕ್ಕೆ ಇಳಿದುಬಿಡುತ್ತದೆ. ಆದ್ದರಿಂದ ಹೊರಡುವ ಮೊದಲು ಆಯಿಲ್ ಬದಲಾಯಿಸಿ, ಯಾವ ಗೇರಿನಲ್ಲಿ ಏರಿದಿರೋ ಅದೇ ಗೇರಿನಲ್ಲಿ ಇಳಿಯಿರಿ, ಆಗ ಎಂಜಿನ್ನೇ ವೇಗವನ್ನು ತಡೆಹಿಡಿಯುತ್ತದೆ.

ಬೆಟ್ಟದ ಪಟ್ಟಣ ಮೆಟ್ಸೊವೊದಿಂದ ಮೆಟಿಯೊರಾದ ಬುಡದಲ್ಲಿರುವ ಕಲಂಬಾಕದ ಕಡೆಗೆ ಸುಮಾರು 1,700 ಮೀಟರ್ ಎತ್ತರದ ಕಟಾರಾ ಘಾಟಿಯನ್ನು ದಾಟುವ ಹಳೆಯ ರಸ್ತೆಯಿದೆ. 2009ರಲ್ಲಿ ಎಗ್ನಾಟಿಯಾದ ಸುರಂಗಮಾರ್ಗ ತೆರೆದ ಮೇಲೆ ಅಲ್ಲಿ ಮೊದಲಿನ ನಿರ್ವಹಣೆಯಿಲ್ಲ, ಚಳಿಗಾಲದಲ್ಲಿ ಹಿಮವನ್ನೂ ತೆಗೆಯುವುದಿಲ್ಲ. ಬೇಸಿಗೆಯಲ್ಲಾದರೂ ರಸ್ತೆಯ ಸ್ಥಿತಿಯನ್ನು ಮೆಟ್ಸೊವೊದಲ್ಲಿ ವಿಚಾರಿಸಿಯೇ ಮುಂದುವರಿಯಿರಿ.

ಉತ್ತರ 2

ತಂಗುವ ವಿಚಾರದಲ್ಲಿ ಸ್ಪಷ್ಟವಾಗಿರಿ: ಕಡಲತೀರದಲ್ಲೋ ಪ್ರಾಚೀನ ಅವಶೇಷಗಳ ಬಳಿಯೋ ವ್ಯಾನು ನಿಲ್ಲಿಸಿ ಮಲಗುವುದು ಗ್ರೀಸ್‌ನಲ್ಲಿ ಕಾನೂನುಬಾಹಿರ, ದಂಡವೂ ಬೀಳುತ್ತದೆ. ಅಧಿಕೃತ ಕ್ಯಾಂಪಿಂಗ್ ತಾಣಗಳನ್ನೇ ನೆಚ್ಚಿಕೊಳ್ಳಿ. ಟೋಲ್ ಕಟ್ಟೆಗಳಲ್ಲಿ 2.20 ಮೀಟರ್‌ಗಿಂತ ಎತ್ತರದ ವಾಹನ ದುಬಾರಿ ವರ್ಗಕ್ಕೆ ಸೇರುವುದರಿಂದ ಹೆದ್ದಾರಿ ಬಿಡುವ ನಿಮ್ಮ ಯೋಚನೆ ಜೇಬಿಗೂ ಒಳ್ಳೆಯದು.

ಪೆಲೊಪೊನೀಸ್‌ಗೆ ದಾಟುವಾಗ 2004ರಲ್ಲಿ ತೆರೆದ ರಿಯೊ–ಆಂಟಿರಿಯೊ ಸೇತುವೆಯ ಬದಲು, ಅದರ ಪಕ್ಕದಲ್ಲೇ ಇಂದಿಗೂ ಓಡಾಡುವ ಫೆರ್ರಿಯನ್ನು ಹತ್ತಿ ಎಂಬುದು ನನ್ನ ಒತ್ತಾಯ. ಸೇತುವೆಯ ಆ ಬೃಹತ್ ಕಂಬಗಳ ಅಗಾಧತೆ ಅರಿವಾಗುವುದು ನೀರಿನ ಮೇಲಿನಿಂದ ತಲೆಯೆತ್ತಿ ನೋಡಿದಾಗಲೇ. ಹಾಗೆಯೇ ಮರಳುವಾಗ ಕೊರಿಂತ್ ಕಾಲುವೆಯನ್ನು ಇಸ್ಥ್ಮಿಯಾದ ಬಳಿ ದಾಟಿ. ಹಡಗು ಬಂದಾಗ ಅಲ್ಲಿನ ಸೇತುವೆ ಮೇಲಕ್ಕೆ ಏಳುವುದಿಲ್ಲ, ಇಡಿಯಾಗಿ ನೀರಿನೊಳಕ್ಕೆ ಮುಳುಗುತ್ತದೆ. ಹಡಗು ಹಾದುಹೋದ ಮೇಲೆ ನೀರು ಸೋರಿಸುತ್ತಾ ಮತ್ತೆ ಮೇಲೆ ಬರುವ ಹಲಗೆಗಳ ಮೇಲೆಯೇ ನಿಮ್ಮ ವ್ಯಾನು ಸಾಗುತ್ತದೆ.

ಉತ್ತರ 3

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಒಂದೇ ಘಟ್ಟ ಆರಿಸಿಕೊಳ್ಳುವುದಾದರೆ ನಾನು ಕಟಾರಾ ಬಿಟ್ಟು, ಪೆಲೊಪೊನೀಸ್‌ನ ತೈಗೆಟೊಸ್ ಬೆಟ್ಟಸಾಲನ್ನು ದಾಟಿ ಕಲಾಮಾಟಾವನ್ನೂ ಸ್ಪಾರ್ಟಾವನ್ನೂ ಬೆಸೆಯುವ ಲಂಗಾಡಾ ದಾರಿಯನ್ನೇ ಸೂಚಿಸುತ್ತೇನೆ. ಸ್ಪಾರ್ಟಾದ ಕಡೆಯ ಕಣಿವೆಯಲ್ಲಿ ಬಂಡೆಯನ್ನೇ ಕೊರೆದು ರಸ್ತೆ ಮಾಡಿರುವುದರಿಂದ ಕೆಲವೆಡೆ ಕಲ್ಲು ರಸ್ತೆಯ ಮೇಲಕ್ಕೆ ಚಾಚಿಕೊಂಡಿದೆ. ನಿಮ್ಮದು ಎತ್ತರದ ಛಾವಣಿಯಾದ್ದರಿಂದ ಅಂಚಿಗೆ ಸರಿಯುವಾಗ ಜಾಗ್ರತೆ. ಎದುರಿನಿಂದ ಬರುವವರು ಹೆಡ್‌ಲೈಟ್ ಮಿನುಗಿಸಿದರೆ ಅದು ನಿಮಗೆ ದಾರಿ ಬಿಟ್ಟುಕೊಡುವ ಸೂಚನೆಯಲ್ಲ, ತಾವೇ ಮೊದಲು ಬರುತ್ತಿದ್ದೇವೆ ಎಂಬ ಎಚ್ಚರಿಕೆ.

ಫ್ಯಾನ್ ಬೆಲ್ಟ್, ರೇಡಿಯೇಟರ್ ಹೋಸ್, ಫ್ಯೂಸ್, ಡೀಸೆಲ್ ಫಿಲ್ಟರ್ ಜೊತೆಗಿರಲಿ. ಆಗಸ್ಟ್ 15ರ ಹಬ್ಬದ ಆಸುಪಾಸಿನಲ್ಲಿ ಅನೇಕ ಗ್ಯಾರೇಜುಗಳು ಬಾಗಿಲು ಹಾಕಿರುತ್ತವೆ. ಆ ವಾರಗಳನ್ನು ತಪ್ಪಿಸಿ ಸೆಪ್ಟೆಂಬರ್‌ನಲ್ಲಿ ಹೊರಟರೆ ಬಿಸಿಲೂ ತಗ್ಗಿರುತ್ತದೆ, ಮಾನಿಯ ವಾಥಿಯಾ ಹಳ್ಳಿಯ ಕಲ್ಲಿನ ಗೋಪುರಮನೆಗಳ ನಡುವೆ ಜನಜಂಗುಳಿಯಿಲ್ಲದೆ ನಡೆದಾಡಬಹುದು.