ತುರ್ತು: ಹಳೇ ಚರ್ಚಿಗೆ ‘ಜೀರ್ಣೋದ್ಧಾರ’ ಅನ್ನಬಹುದಾ?

ನಮಸ್ಕಾರ. ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿ ಕೆಂಪ್ಲಿ ಅಂತ ಒಂದು ಹಳ್ಳಿ. ಅಲ್ಲಿನ 12ನೇ ಶತಮಾನದ ಸೇಂಟ್ ಮೇರಿ ಚರ್ಚಿನ ಮೇಲಿನ ಲೇಖನವನ್ನು ನಾಳೆ ಬೆಳಗ್ಗೆ ಅನುವಾದಿಸಿ ಕೊಡಬೇಕು. ಸುಣ್ಣದಡಿ ಮುಚ್ಚಿಹೋಗಿದ್ದ ಗೋಡೆಚಿತ್ರಗಳು 1872ರಲ್ಲಿ ಮತ್ತೆ ಕಂಡವು. ಕಾಪಾಡಲೆಂದು ಅರಗಿನ ವಾರ್ನಿಷ್ ಬಳಿದರು. ಅದೇ ತೊಂದರೆಯಾಗಿ 1950ರ ದಶಕದಲ್ಲಿ ತೆಗೆಯಬೇಕಾಯಿತು. ಎರಡಕ್ಕೂ ಮೂಲದಲ್ಲಿ ‘ರೆಸ್ಟೊರೇಶನ್’ ಅಂತಲೇ ಇದೆ. ‘ಜೀರ್ಣೋದ್ಧಾರ’ ಹಾಕಲೇ?

——

ಬೇಡ. ಈಗ ಜೀರ್ಣೋದ್ಧಾರ ಅಂದರೆ ಹಳೇ ಗುಡಿ ಕೆಡವಿ, ಗ್ರಾನೈಟ್ ಹಾಸಿ, ಬಣ್ಣ ಹೊಡೆಯುವುದು. ‘ಸರಿಪಡಿಕೆ’ ಸಾಕು. ‘ಚರ್ಚು’ ಯಾಕೆ? ಕರಾವಳಿಯಲ್ಲಿ ‘ಇಗರ್ಜಿ’ ಅನ್ನುತ್ತಾರಲ್ಲ, ಅದು ನಮ್ಮದು.

——

ಇಗರ್ಜಿ ನಮ್ಮದು ಹೇಗೆ? ಪೋರ್ಚುಗೀಸರ ‘ಇಗ್ರೇಜ’ ಅದು, ಅದರ ಬೇರು ಗ್ರೀಕಿನ ‘ಎಕ್ಲೇಸಿಯ’. ‘ಚರ್ಚ್’ ಕೂಡ ಗ್ರೀಕಿನ ‘ಕುರಿಯಕೋನ್’ನಿಂದ ಬಂದದ್ದು. ಎರಡೂ ಹೊರಗಿನವೇ. ಇಂಗ್ಲೆಂಡಿನ ಹಳ್ಳಿಗೆ ಗೋವೆಯ ದಾರಿಯಲ್ಲಿ ಬಂದ ಪದ ಯಾಕೆ ತುರುಕಬೇಕು?

ಇನ್ನು ಜೀರ್ಣೋದ್ಧಾರ. ನಮ್ಮ ಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆ ಭೂಮಿ ಬಿಟ್ಟ ಮಾತು ಮತ್ತೆ ಮತ್ತೆ ಬರುತ್ತದೆ. ಖಂಡ ಅಂದರೆ ಮುರಿದದ್ದು, ಸ್ಫುಟಿತ ಅಂದರೆ ಬಿರುಕುಬಿಟ್ಟದ್ದು. ಅದನ್ನು ಸರಿಮಾಡುವುದೇ ಜೀರ್ಣೋದ್ಧಾರ. ಗ್ರಾನೈಟ್ ಹಾಸುವವರು ಪದ ಕೆಡಿಸಿದರು ಅಂತ ನಾವು ಅದನ್ನು ಬಿಟ್ಟುಕೊಡಬೇಕಾ? ನಾನಂತೂ ಬಿಡುವುದಿಲ್ಲ.

ಆದರೆ ಕೆಂಪ್ಲಿಯ ಎರಡು ಕೆಲಸಕ್ಕೂ ಒಂದೇ ಪದ ಹಾಕಬೇಡಿ. ಪೂರ್ವದ ಭಾಗದ ಆ ಚಿತ್ರಗಳು ಹಸಿ ಸುಣ್ಣದ ಗಾರೆಯ ಮೇಲೆ ಬರೆದವು. ಗಾರೆ ಒಣಗುವಾಗ ಬಣ್ಣ ಅದರೊಳಗೇ ಕಚ್ಚಿಕೊಳ್ಳುತ್ತದೆ. ಕಮಾನು ಚಾವಣಿಯ ನಡುವೆ ಕ್ರಿಸ್ತ ಕೂತಿದ್ದಾನೆ, ಎರಡೂ ಪಕ್ಕದ ಗೋಡೆಗಳಲ್ಲಿ ಶಿಷ್ಯರು ತಲೆಯೆತ್ತಿ ಅವನನ್ನೇ ನೋಡುತ್ತಿದ್ದಾರೆ. ಅಂಥದ್ದರ ಮೇಲೆ ವಾರ್ನಿಷ್ ಬಳಿದದ್ದು ಉದ್ಧಾರ ಹೇಗಾದೀತು? 1872ಕ್ಕೆ ‘ಸುಣ್ಣ ಬಿಡಿಸಿ ವಾರ್ನಿಷ್ ಬಳಿದರು’ ಅಂತ ನೇರವಾಗಿ ಬರೆಯಿರಿ. ಆಮೇಲಿನದಕ್ಕೆ ಜೀರ್ಣೋದ್ಧಾರ ಧಾರಾಳವಾಗಿ ಹಾಕಿ.

——

ಶಾಸನ ಓದಿಕೊಂಡು ಲೇಖನ ಓದುವವರು ಯಾರೂ ಇಲ್ಲ. ಓದುಗರ ಕಣ್ಣಿಗೆ ಗ್ರಾನೈಟೇ ಬರುತ್ತದೆ. ಸರಿಪಡಿಕೆ.

——

ಇಬ್ಬರಿಗೂ ಥ್ಯಾಂಕ್ಸ್. ‘ಚರ್ಚು’ ಉಳಿಸಿಕೊಂಡೆ, 1872ರ ಸಾಲು ಹೇಳಿದಂತೆಯೇ ಬದಲಿಸಿದೆ. ಆ ಪೂರ್ವದ ಭಾಗಕ್ಕೆ ಮೂಲದಲ್ಲಿ ‘ಚಾನ್ಸೆಲ್’ ಅಂತಿದೆ. ‘ಗರ್ಭಗುಡಿ’ ಹಾಕಲು ಮನಸ್ಸು ಒಪ್ಪುತ್ತಿಲ್ಲ, ಅಲ್ಲಿ ಮೂರ್ತಿ ಇಲ್ಲವಲ್ಲ. ಬೇರೇನಾದರೂ ಇದೆಯಾ? ರಾತ್ರಿಯೊಳಗೆ ಹೇಳಿದರೆ ಉಪಕಾರ.