ಘಾಟಿ ಹತ್ತದ ಶಾರ್ಕು

“ಶಾರ್ಕ್ ಇಟ್ಟರೆ ಹೇಗೆ?” ಎಂದ ಬೋಪಣ್ಣ.

“ನಾಯಿಗಾ? ಇಡು. ಟೈಗರ್‌ಗಿಂತ ವಾಸಿ” ಎಂದರು ಸುಬೇದಾರರು.

“ಹೆಸರಲ್ಲ ಅಣ್ಣ, ಮೀನು! ಜೀವ ಇರೋ ಶಾರ್ಕ್. ಹೋಮ್‌ಸ್ಟೇ ಹಾಲ್‌ನಲ್ಲಿ, ಗಾಜಿನ ತೊಟ್ಟಿ ಮಾಡಿಸಿ.”

ಕೊಡಗಿನಲ್ಲಿ ಕಕ್ಕಡ ಮಾಸದ 18ರ ಸಂಜೆ. ಮದ್ದುಸೊಪ್ಪಿನ ಪಾಯಸ ತಿಂದು ಎಲ್ಲರ ನಾಲಿಗೆಯೂ ನೇರಳೆಯಾಗಿತ್ತು. ಕರೆಂಟ್ ಹೋಗಿ ಎರಡು ದಿನ. ಇಂಥ ಹೊತ್ತಿನಲ್ಲೇ ಬೋಪಣ್ಣನ ತಲೆ ಜಾಸ್ತಿ ಓಡುವುದು. ಹೋದ ಮಳೆಗಾಲದಲ್ಲಿ ಹೀಗೇ ಓಡಿ, ಗೋಡೆಗೆ ಎರಡು ರೆಕ್ಕೆ ಬರೆಸಿದ್ದ. ಬಂದವರು ಮಧ್ಯೆ ನಿಂತು ಫೋಟೊ ತೆಗೆಸಿಕೊಳ್ಳಲಿ ಅಂತ. ಈಗ ಊರಿನ ಪ್ರತಿ ಹೋಮ್‌ಸ್ಟೇ ಗೋಡೆಗೂ ರೆಕ್ಕೆ ಬಂದಿದೆ. ಯಾವುದೂ ಹಾರಿಲ್ಲ. ಬ್ಯಾಂಕಿನ ಸಾಲ ತೀರುವ ತನಕ ಹಾರುವ ಹಾಗೂ ಇಲ್ಲ.

“ಪಕ್ಕದವನು ಒಂಟೆ ತಂದಿದ್ದಾನೆ” ಎಂದ ಬೋಪಣ್ಣ, ಅಳುಮೋರೆ ಮಾಡಿಕೊಂಡು. “ಗೆಸ್ಟ್‌ಗಳೆಲ್ಲ ಆ ಕಡೆ. ಮಳೆ, ಮಂಜು, ಕಾಫಿ ತೋಟ ಎಲ್ಲರ ಹತ್ತಿರವೂ ಇದೆ. ಬೇರೆ ಏನಾದರೂ ಬೇಕಲ್ವಾ?”

“ಬೇಕು. ಮೊದಲು ಆ ಒಂಟೆಗೊಂದು ಕೊಡೆ ಬೇಕು” ಎಂದ ಕುಶಾಲಪ್ಪ.

ಬೋಪಣ್ಣ ಫೋನಿನಲ್ಲಿ ವಿಡಿಯೊ ತೋರಿಸಿದ. ಬಾಯಿ ತುಂಬ ಹಲ್ಲಿನ ಬಿಳಿ ಶಾರ್ಕ್.

“ಇದನ್ನಾ?” ಎಂದ ಕುಶಾಲಪ್ಪ. “ಕ್ಯಾಲಿಫೋರ್ನಿಯಾದ ಮಾಂಟೆರೆ ಬೇ ಅಕ್ವೇರಿಯಂನವರು 2004ರಲ್ಲಿ ಇದರ ಮರಿಯೊಂದನ್ನು ಇಟ್ಟುಕೊಂಡಿದ್ದರು. ತೊಟ್ಟಿಗೆ ಸುಮಾರು 38 ಲಕ್ಷ ಲೀಟರ್ ನೀರು. ಆದರೂ 198 ದಿನಕ್ಕೆ ವಾಪಸ್ ಸಮುದ್ರಕ್ಕೆ ಬಿಟ್ಟರು. ಅದೇ ತೊಟ್ಟಿಯ ಬೇರೆ ಶಾರ್ಕ್‌ಗಳನ್ನು ಕಚ್ಚಿ ಹಾಕಿತ್ತು.”

“ಅಷ್ಟು ದೊಡ್ಡ ಮನೆಯಲ್ಲೂ ಜಗಳವಾ?”

“ದೊಡ್ಡ ಮನೆಯಲ್ಲೇ ಸುಬೇದಾರರೇ. ನಿಮ್ಮ ಮನೆತನದ ಐನ್‌ಮನೆ ಬೀಗದ ಕೈ ಈಗ ಯಾರ ಹತ್ತಿರ ಇದೆ?”

ಸುಬೇದಾರರು ಕಾಫಿ ಲೋಟದೊಳಗೆ ನೋಡತೊಡಗಿದರು. ಆ ಕೇಸು ಇನ್ನೂ ನಡೆಯುತ್ತಿದೆ.

ಬೋಪಣ್ಣ ಬಿಡಲಿಲ್ಲ. “ಸಣ್ಣದೂ ಇದೆ. ಅಂಗಡಿಯವನು ತೋರಿಸಿದ. ಬೆರಳುದ್ದ, ಸಿಹಿನೀರಿನದು, ಬೆನ್ನ ಮೇಲೆ ಥೇಟ್ ಶಾರ್ಕ್ ರೆಕ್ಕೆ.”

“ಮೂತಿಯಲ್ಲಿ ಮೀಸೆ ಇತ್ತಾ?”

“ಇತ್ತು.”

“ಹಾಗಾದರೆ ಅದು ಪಂಗಾಸಿಯಸ್. ನಮ್ಮ ಗದ್ದೆ ಮೀನು ಮುರುಗೋಡಿನ ದೂರದ ನೆಂಟ. ಅಂಗಡಿಯಲ್ಲಿ ಇರಿಡೆಸೆಂಟ್ ಶಾರ್ಕ್ ಅಂತಾರೆ. ಹೋಟೆಲಿನಲ್ಲಿ ಬಾಸಾ ಅಂತ ತಟ್ಟೆಗೆ ಬರೋದೂ ಹೆಚ್ಚಾಗಿ ಅದೇ. ಬೆರಳುದ್ದ ಅಂತ ತಂದರೆ ನಾಲ್ಕಡಿ ಬೆಳೆಯುತ್ತೆ. ನಿನ್ನ ಗೆಸ್ಟ್ ಒಂದೇ ಮೀನನ್ನು ಗಾಜಿನೊಳಗೂ ನೋಡಿ, ತಟ್ಟೆಯಲ್ಲೂ ನೋಡಿ, ಎರಡಕ್ಕೂ ಬಿಲ್ ಕೊಡಬೇಕು.”

“ಮನೆಯಲ್ಲಿ ಸಾಕೋ ನಿಜವಾದ ಶಾರ್ಕೇ ಇಲ್ವಾ ಹಾಗಾದರೆ?”

“ಇದೆ. ಬ್ಯಾಂಬೂ ಶಾರ್ಕ್ ಅಂತ. ಮೂರಡಿ ಆಗುತ್ತೆ. ಹಗಲೆಲ್ಲ ತಳದಲ್ಲಿ ಬಿದ್ದುಕೊಂಡಿರುತ್ತೆ. ರಾತ್ರಿ ಎದ್ದು ಓಡಾಡಿ, ಸಿಕ್ಕಿದ್ದನ್ನು ತಿನ್ನುತ್ತೆ.”

“ಅದಕ್ಕೆ ತೊಟ್ಟಿ ಯಾಕೆ? ರೂಮ್ ನಂಬರ್ ಮೂರಕ್ಕೆ ಹೋದ ವಾರವೇ ನಾಲ್ಕು ಜನ ಬಂದಿದ್ದರಲ್ಲ” ಎಂದಳು ಬೋಪಣ್ಣನ ಹೆಂಡತಿ ದೇಚಮ್ಮ, ಅಡುಗೆಮನೆ ಬಾಗಿಲಲ್ಲಿ ನಿಂತು.

ಆಮೇಲೆ ಲೆಕ್ಕ ಶುರುವಾಯಿತು. ಸುಬೇದಾರರು ಮಿಲಿಟರಿಯಲ್ಲಿ ರೇಷನ್ ನೋಡಿಕೊಂಡವರು. ಎಂಟಡಿ ಉದ್ದ, ನಾಲ್ಕಡಿ ಅಗಲ, ಎರಡಡಿ ನೀರು. ಸುಮಾರು 1,800 ಲೀಟರ್. ಅಂದರೆ 1,800 ಕಿಲೊ, ಗಾಜು ಬಿಟ್ಟು. ಸಮುದ್ರದ ನೀರಿಗೆ ಲೀಟರಿಗೆ 35 ಗ್ರಾಂ ಉಪ್ಪು.

“63 ಕಿಲೊ!” ಎಂದರು ಸುಬೇದಾರರು.

“ಅದೂ ಅಡುಗೆ ಉಪ್ಪಲ್ಲ, ಅಕ್ವೇರಿಯಂಗೆ ಅಂತಲೇ ಮಾಡಿದ ಉಪ್ಪು” ಎಂದ ಕುಶಾಲಪ್ಪ. “ಇಲ್ಲಿ ಕಕ್ಕಡದಲ್ಲಿ ಮೂಟೆ ಬಿಚ್ಚಿಟ್ಟರೆ ತೊಟ್ಟಿಗೆ ಹಾಕೋ ಮೊದಲೇ ಸಮುದ್ರ ಆಗಿರುತ್ತೆ. ಉಪ್ಪಿನ ವಾಸನೆಗೆ ಆನೆ ಬಂದರೆ ಇನ್ನೂ ಒಳ್ಳೇದು. ಒಂದು ಟಿಕೆಟ್‌ಗೆ ಎರಡು ಪ್ರಾಣಿ.”

“ತಮಾಷೆ ಬೇಡ.”

“ಸರಿ, ತಮಾಷೆ ಬೇಡ. ತೋಟಕ್ಕೆ ಬೋರ್ಡೋ ದ್ರಾವಣ ಹೊಡೀತೀಯಲ್ಲ?”

“ಹೊಡೀದೆ? ಕರಿಮೆಣಸು ಉಳಿಯೋದು ಬೇಡವಾ?”

“ಅದರಲ್ಲಿ ಮೈಲುತುತ್ತು ಇದೆ. ಮೈಲುತುತ್ತು ಅಂದರೆ ತಾಮ್ರ. ಶಾರ್ಕಿಗೆ ತಾಮ್ರ ವಿಷ. ಬೋರ್ಡೋ ಕಲಸಿದ ಕೈಯನ್ನು ಆಳು ಅದರ ನೀರಿಗೆ ಅದ್ದಿದ ಅಂದರೆ ಮುಗೀತು. ಶಾರ್ಕ್ ಉಳಿಸ್ತೀಯೋ, ಮೆಣಸು ಉಳಿಸ್ತೀಯೋ ಹೇಳು.”

ಬೋಪಣ್ಣ ನಿಜವಾಗಿಯೂ ಯೋಚಿಸಿದ. ಮೆಣಸಿಗೆ ಈಗ ರೇಟು ಚೆನ್ನಾಗಿದೆ.

ಚಳಿಯ ಮಾತು ಬಂತು. ಆ ಮೀನಿಗೆ 25 ಡಿಗ್ರಿ ಬೆಚ್ಚಗಿನ ನೀರು ಬೇಕು. ನಾವು ಸ್ವೆಟರ್ ಹಾಕಿಕೊಂಡು ಕೂತಿದ್ದೆವು. ಹೀಟರ್ ಬೇಕು, ಪಂಪ್ ಬೇಕು, ಫಿಲ್ಟರ್ ಬೇಕು. ಇವು ನಿಂತರೆ ಶಾರ್ಕಿನ ಗಲೀಜೇ ಶಾರ್ಕಿಗೆ ವಿಷ. ಎಲ್ಲರೂ ಒಟ್ಟಿಗೆ ಮೇಲೆ ನೋಡಿದೆವು. ಎರಡು ದಿನದಿಂದ ಸುಮ್ಮನಿದ್ದ ಬಲ್ಬು ಸುಮ್ಮನೆ ಇತ್ತು.

“ಒಂದು ಉಪಯೋಗ ಇದೆ” ಎಂದ ಕುಶಾಲಪ್ಪ. “ಶಾರ್ಕಿಗೆ ಮೂತಿಯಲ್ಲೇ ಕರೆಂಟ್ ಗೊತ್ತಾಗುತ್ತೆ. ಬೇರೆ ಮೀನಿನ ಮೈಯಿಂದ ಬರೋ ಒಂದು ಚೂರು ಕರೆಂಟನ್ನೂ ಹಿಡಿಯುತ್ತೆ. ಲೈನ್ ಎಲ್ಲಿ ಕಟ್ ಆಗಿದೆ ಅಂತ ಹುಡುಕೋಕೆ ಕಳಿಸಬಹುದು.”

“ಜನರೇಟರ್ ಹಾಕಿಸ್ತೀನಿ” ಎಂದ ಬೋಪಣ್ಣ, ಹಟಕ್ಕೆ ಬಿದ್ದು.

“ಹಾಕಿಸಿ” ಎಂದಳು ದೇಚಮ್ಮ. “ಹದಿನಾಲ್ಕು ವರ್ಷದಿಂದ ನಾನು ಕೇಳ್ತಾ ಇದ್ದೀನಿ. ನನ್ನ ಬೆನ್ನ ಮೇಲೆ ರೆಕ್ಕೆ ಇಲ್ಲದ್ದೇ ತಪ್ಪಾಯ್ತು.”

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹೆಂಚಿನ ಮೇಲೆ ಮಳೆ ಜೋರಾಯಿತು. ದೇಚಮ್ಮ ಸುಟ್ಟ ಹಲಸಿನ ಬೀಜ ತಂದಿಟ್ಟಳು. ಕುಶಾಲಪ್ಪ ಒಂದರ ಸಿಪ್ಪೆ ಸುಲಿದ, ಆದರೆ ತಿನ್ನಲಿಲ್ಲ.

“ಮೀನು ಹತ್ತೋದು ನೆನಪಿದೆಯಾ?” ಎಂದ. “ಮೊದಲ ಮಳೆಗೆ?”

ಸುಬೇದಾರರಿಗೆ ನೆನಪಿತ್ತು. ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ, ಮೊಟ್ಟೆ ಇಡಲು ಬರುವ ಮೀನು. ಬದುವಿನ ಕಂಡಿಗೆ ಬಿದಿರಿನ ಕೂಳಿ ಇಟ್ಟು, ದೊಂದಿ ಹಿಡಿದು ಕಾಯುವುದು.

“ಮುರುಗೋಡು ಬದು ದಾಟೋದು ನೋಡಿದ್ದೀರಾ? ನೀರಿಲ್ಲ, ಬರೀ ಒದ್ದೆ ಹುಲ್ಲು. ಎರಡು ಮುಳ್ಳು ಊರಿಕೊಂಡು, ಮೈ ಆ ಕಡೆ ಈ ಕಡೆ ಬಳುಕಿಸಿ, ನಿಂತು, ಮತ್ತೆ ಊರಿಕೊಂಡು. ದೊಂದಿ ಬೆಳಕಿಗೆ ಅದರ ಹೊಟ್ಟೆ ಬಿಗಿದು ಹೊಳೀತಿತ್ತು. ಮೊಟ್ಟೆ. ಅಮ್ಮ ಬೈಯೋಳು, ಬಸುರಿ ಮೀನು ಬಿಡ್ರೋ ಅಂತ. ನಾವು ಬಿಡಲಿಲ್ಲ. ನಮ್ಮ ಪಾಲೂ ಇದೆ ಅದರಲ್ಲಿ.”

“ಯಾವ ಗದ್ದೆ ಅದು?” ಎಂದ ಬೋಪಣ್ಣ.

“ನಿಮ್ಮದೇ ಮಾರಾಯ. ನಿನ್ನ ಸ್ವಿಮ್ಮಿಂಗ್ ಪೂಲ್ ಇದೆಯಲ್ಲ, ಅಲ್ಲಿ.”

ಬೋಪಣ್ಣ ಕಿಟಕಿಯಿಂದ ಆ ಕಡೆ ನೋಡಿದ. ಪೂಲಿನ ನೀಲಿ ಟೈಲ್ಸ್ ಮೇಲೆ ಕೆಂಪು ನೀರು ತುಂಬಿ, ಪಕ್ಕದ ಚರಂಡಿಗೆ ಹರಿಯುತ್ತಿತ್ತು. ನೋಡುತ್ತಲೇ ಇದ್ದ.

ಆಗ ಫೋನ್ ಬಂತು. ಎಲ್ಲಿಂದಲೋ ಒಂದು ಕಡ್ಡಿ ನೆಟ್‌ವರ್ಕ್ ಸಿಕ್ಕಿತ್ತು. ದಸರಾ ರಜೆಗೆ ಬುಕ್ ಮಾಡಿದ ಬೆಂಗಳೂರಿನ ಪಾರ್ಟಿ. ಬೋಪಣ್ಣ ನಮ್ಮನ್ನು ಕೇಳುವ ಮೊದಲೇ ಜಾಹೀರಾತು ಹಾಕಿಬಿಟ್ಟಿದ್ದ ಅಂತ ಗೊತ್ತಾದದ್ದು ಆವಾಗ.

“ಸಾರ್, ಶಾರ್ಕ್ ಬಂತಾ? ಮಕ್ಕಳು ಕೇಳ್ತಾ ಇದ್ದಾರೆ.”

ಬೋಪಣ್ಣ ನಮ್ಮ ಮೂವರ ಮುಖ ನೋಡಿದ. ದೇಚಮ್ಮನ ಮುಖ ನೋಡಲಿಲ್ಲ.

“ಹೊರಟಿದೆ ಸಾರ್” ಎಂದ. “ಸಂಪಾಜೆ ಹತ್ತಿರ ಗುಡ್ಡ ಜರಿದು ರಸ್ತೆ ಬಂದ್ ಆಗಿದೆ.”