ವೀಬೋರ್ಗ್ ಅನ್ನೋ ಡೆನ್ಮಾರ್ಕ್ ಹ್ಯಾಂಡ್‌ಬಾಲ್ ಕ್ಲಬ್ ಬಗ್ಗೆ ಗೊತ್ತಿರೋರು ಇದೀರಾ? ಅಷ್ಟು ಚಿಕ್ಕ ಊರು ಮೂರು ಸಲ ಯುರೋಪ್ ಗೆದ್ದಿದ್ದು ಹೇಗೆ?

ಪಿಟಿ_ಟೀಚರ್_ವಿರಾಜಪೇಟೆ:

ಎಲ್ರಿಗೂ ನಮಸ್ಕಾರ. ವಿರಾಜಪೇಟೆ ಕಡೆ ಒಂದು ಹೈಸ್ಕೂಲಲ್ಲಿ ಪಿಟಿ ಟೀಚರ್ ನಾನು, ನಮ್ಮಲ್ಲಿ ಹುಡ್ಗೀರ ಹ್ಯಾಂಡ್‌ಬಾಲ್ ಟೀಮ್ ಇದೆ, ಕೊಡಗಲ್ಲಿ ಹ್ಯಾಂಡ್‌ಬಾಲಾ ಅಂತ ನಗ್ಬೇಡಿ, ಶಾಲಾ ಕ್ರೀಡಾಕೂಟದಲ್ಲಿ ಇರೋ ಆಟಾನೇ ಇದು. ಸ್ವಲ್ಪ ಚುರುಕಾಗಿರೋ ಮಕ್ಕಳ್ನೆಲ್ಲ ಹಾಕಿಯವ್ರು ಮೊದ್ಲೇ ಎತ್ತಾಕೊಂಡು ಹೋಗಿರ್ತಾರೆ, ಉಳ್ದವ್ರನ್ನ ಸೇರಿಸಿ ಕಟ್ಟಿರೋ ಟೀಮು, ಆದ್ರೂ ಚೆನ್ನಾಗೇ ಆಡ್ತಾರೆ.

ಈಗ ಇವ್ರಿಗೆ ಫೋನಲ್ಲಿ ಹಳೇ ಚಾಂಪಿಯನ್ಸ್ ಲೀಗ್ (ಯುರೋಪಿನ ಕ್ಲಬ್‌ಗಳ ದೊಡ್ಡ ಹ್ಯಾಂಡ್‌ಬಾಲ್ ಟೂರ್ನಿ) ವಿಡಿಯೋ ನೋಡೋ ಹುಚ್ಚು ಹತ್ತಿದೆ, ಅದ್ರಲ್ಲೂ ವೀಬೋರ್ಗ್ ಟೀಮಿಂದು. 2006, 2009, 2010 ಮೂರು ಸಲ ಕಪ್ ಹೊಡ್ದಿದಾರೆ. ಮ್ಯಾಪಲ್ಲಿ ನೋಡಿದ್ರೆ ಊರು ನಮ್ಮ ಮಡಿಕೇರಿಗಿಂತ ಸ್ವಲ್ಪ ದೊಡ್ದು ಅಷ್ಟೇ, ನಲವತ್ತು ಸಾವಿರದ ಆಸುಪಾಸು ಜನ. ಒಬ್ಳು ಕೇಳೇಬಿಟ್ಳು, ಟೀಚರ್ ಅಷ್ಟು ಜನ ನಮ್ಮಲ್ಲೂ ಇದಾರಲ್ಲ ಅಂತ. ಏನ್ ಹೇಳ್ಲಿ? ಬರೀ ದುಡ್ಡಾ ಇಲ್ಲ ಬೇರೆ ಏನಾದ್ರೂ ಇದ್ಯಾ? ಜೂನಿಂದ ಸೆಪ್ಟೆಂಬರ್ ತನಕ ನಮ್ ಗ್ರೌಂಡ್ ಕೆಸರುಗದ್ದೆ, ಆಗ ಪ್ರಾಕ್ಟೀಸೇ ಇಲ್ಲ, ಅಂಥ ಊರಿಗೆ ಅವ್ರಿಂದ ಕಲಿಯೋಕೆ ಏನಾದ್ರೂ ಸಿಗುತ್ತಾ ಅಂತ ಈ ಪ್ರಶ್ನೆ.

ಸೋಮವಾರಪೇಟೆ_ಟು_ಆರ್ಹುಸ್:

ಮೇಡಂ ನಮಸ್ಕಾರ, ಊರು ಸೋಮವಾರಪೇಟೆ ಪಕ್ಕ, ಕೆಲ್ಸಕ್ಕೆ ಅಂತ ಇರೋದು ಡೆನ್ಮಾರ್ಕಿನ ಆರ್ಹುಸಲ್ಲಿ, ಇಲ್ಲಿಂದ ವೀಬೋರ್ಗಿಗೆ ಕಾರಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ. ಗೊತ್ತಿರೋದು ಹೇಳ್ತೀನಿ, ಉದ್ದ ಆಗುತ್ತೆ, ಓದ್ಕೊಳ್ಳಿ.

ಮೊದ್ಲು ಒಂದು ಖುಷಿ ವಿಷ್ಯ, ಈ ಆಟಕ್ಕೆ ರೂಲ್ಸ್ ಬರ್ದಿದ್ದೇ ಒಬ್ಬ ಪಿಟಿ ಮೇಷ್ಟ್ರು! ಹೋಲ್ಗರ್ ನೀಲ್ಸನ್ ಅಂತ, ಕೋಪನ್‌ಹೇಗನ್ ಪಕ್ಕದ ಓರ್ಡ್ರಪ್ ಶಾಲೆಲಿ 1898ರ ಹೊತ್ತಿಗೆ ಮಕ್ಕಳಿಗೆ ಆಡಿಸೋಕೆ ಶುರು ಮಾಡಿದ್ದು, 1906ರಲ್ಲಿ ರೂಲ್ಸ್ ಪ್ರಿಂಟ್ ಮಾಡಿಸಿದ್ರು. ಡೆನ್ಮಾರ್ಕ್ ಹ್ಯಾಂಡ್‌ಬಾಲ್ ಫೆಡರೇಶನ್ ಬಂದಿದ್ದು 1935ರಲ್ಲಿ, ಅದಾಗಿ ಮರುವರ್ಷ 1936ಕ್ಕೆ ವೀಬೋರ್ಗ್ ಕ್ಲಬ್. ಅಂದ್ರೆ ಕಪ್ ಬರೋಕೆ ಶುರುವಾಗೋ ಹೊತ್ತಿಗೆ ಕ್ಲಬ್ಬಿಗೆ ಐವತ್ತು ದಾಟಿ ಎಷ್ಟೋ ವರ್ಷ ಆಗಿತ್ತು, ಇದನ್ನ ನಿಮ್ ಹುಡ್ಗೀರಿಗೆ ಮೊದ್ಲು ಹೇಳಿ. 1994ರಲ್ಲಿ ಡೆನ್ಮಾರ್ಕ್ ಚಾಂಪಿಯನ್, ಅದೇ ವರ್ಷ ಯುರೋಪಿನ ಇನ್ನೊಂದು ಟೂರ್ನಿ ಇಎಚ್‌ಎಫ್ ಕಪ್ಪೂ ಬಂತು, 95 96 ಮತ್ತೆ ಚಾಂಪಿಯನ್, ಆಮೇಲೆ 1999ರಿಂದ 2002ರ ತನಕ ಒಂದು ವರ್ಷಾನೂ ಬಿಡದೆ. ಆದ್ರೆ ಚಾಂಪಿಯನ್ಸ್ ಲೀಗ್ ಮಾತ್ರ ಕೈಗೆ ಸಿಕ್ತಿರ್ಲಿಲ್ಲ, 1997ರ ಫೈನಲ್ ಸೋತ್ರು, 2001ರಲ್ಲಿ ಸ್ಲೊವೇನಿಯಾದ ಕ್ರಿಮ್ ಟೀಮಿನ ಹತ್ರ ಮತ್ತೆ ಸೋತ್ರು. ಕೊನೆಗೆ 2006ರಲ್ಲಿ ಫೈನಲಲ್ಲಿ ಎದ್ರು ಬಂದಿದ್ದು ಅದೇ ಕ್ರಿಮ್, ಆ ಸಲ ಬಿಡ್ಲಿಲ್ಲ.

ಮಧ್ಯದಲ್ಲಿ ಇನ್ನೊಂದಾಯ್ತು. 1996, 2000, 2004 ಮೂರೂ ಒಲಿಂಪಿಕ್ಸ್ ಚಿನ್ನ ಡೆನ್ಮಾರ್ಕ್ ಹೆಂಗಸ್ರಿಗೆ. 97ರ ವಿಶ್ವಕಪ್ಪೂ ಅವ್ರದ್ದೇ. ಅಲ್ಲಿಂದ ಟಿವಿ ಬಂತು, ಸ್ಪಾನ್ಸರ್ ಬಂದ್ರು, ಆಟಾನೇ ಉದ್ಯೋಗ ಮಾಡ್ಕೊಂಡು ಬದುಕೋ ಅಷ್ಟು ಸಂಬಳ ಹುಡ್ಗೀರಿಗೆ ಸಿಗೋಕೆ ಶುರುವಾಯ್ತು, ಆಗ ಹೊರದೇಶದವ್ರೂ ಬಂದ್ರು. ಜರ್ಮನಿಯ ಗ್ರಿಟ್ ಯುರಾಕ್ ಮೂರೂ ಗೆಲುವಿನಲ್ಲಿ ಇದ್ಳು. ನಾರ್ವೆಯ ಗೋಲ್‌ಕೀಪರ್ ಕಟ್ರಿನೆ ಲುಂಡೆ 2009, 2010ರ ಟೀಮಲ್ಲಿ ಇದ್ಳು, ಅದೇ ಲುಂಡೆ 2024ರ ಪ್ಯಾರಿಸ್ ಒಲಿಂಪಿಕ್ಸಲ್ಲೂ ಚಿನ್ನ ಗೆದ್ಳು, ವಯಸ್ಸು ನಲವತ್ನಾಲ್ಕು!

ಹಳೇ_ಸೆಂಟರ್‌ಹಾಫ್:

ಅಂದ್ರೆ ಕಥೆ ಇಷ್ಟೇ ಆಯ್ತಲ್ಲ ಮಾರಾಯ್ರೆ, ಜರ್ಮನಿಯವ್ಳು ಗೋಲ್ ಹೊಡೆದ್ಳು, ನಾರ್ವೆಯವ್ಳು ಗೋಲ್ ತಡೆದ್ಳು, ಹೆಸ್ರು ಊರಿಗೆ ಬಂತು. ಟೀಚರ್ ಕೇಳಿದ್ದಕ್ಕೆ ಉತ್ರ ದುಡ್ಡು ಅಂತಾನೇ ಅಲ್ವಾ? ಡೆನ್ಮಾರ್ಕಲ್ಲೇ ಸ್ಲಾಗೆಲ್ಸೆ ಅಂತ ಇನ್ನೊಂದು ಟೀಮಿತ್ತು, ಅದು ಇನ್ನೂ ಪುಟ್ಟ ಊರು, ಅವ್ರೂ ಮೂರು ಸಲ ಹೊಡೆದ್ರು, 2004, 2005, 2007. ಈಗ ಎಲ್ಲಿದೆ ತೋರ್ಸಿ ನೋಡೋಣ. ದುಡ್ಡಿದ್ದಾಗ ಜಾತ್ರೆ, ಮುಗಿದ ಮೇಲೆ ಬಯಲು.

ನಮ್ ಮಕ್ಕಳಿಗೆ ಇದನ್ನೆಲ್ಲ ತೋರ್ಸಿ ತಲೆ ಕೆಡಿಸೋ ಬದ್ಲು ಕೈಗೆ ಒಂದು ಸ್ಟಿಕ್ ಕೊಡಿ ಟೀಚರ್. ಕೊಡಗಲ್ಲಿ ಇರೋ ಆಟ ಹಾಕಿ. ಬೇಜಾರು ಮಾಡ್ಕೋಬೇಡಿ.

ಸೋಮವಾರಪೇಟೆ_ಟು_ಆರ್ಹುಸ್:

ಅಣ್ಣ ನೀವು ಸ್ಲಾಗೆಲ್ಸೆ ಹೆಸ್ರು ಎತ್ತಿದ್ದು ಒಳ್ಳೇದೇ ಆಯ್ತು, ನಾನೇ ಬರೀಬೇಕು ಅಂತಿದ್ದೆ. ಆ ಕಥೆನೇ ಒಂದು ಸಿನಿಮಾ ಇದ್ದಂಗಿದೆ. ಕೋಚ್ ಆನ್ಯಾ ಆಂಡರ್ಸನ್, 96ರ ಒಲಿಂಪಿಕ್ಸ್ ಚಿನ್ನ ಗೆದ್ದವ್ಳು, 97ಕ್ಕೆ ವರ್ಲ್ಡ್ ಪ್ಲೇಯರ್ ಆಫ್ ದಿ ಇಯರ್, ಹಾರ್ಟ್ ತೊಂದ್ರೆ ಆಗಿ ಆಟ ಬಿಟ್ಟು ಕೋಚಿಂಗಿಗೆ ಬಂದ್ಳು. ಸಿಟ್ಟು ಅಂದ್ರೆ ಮೂಗಿನ ತುದೀಲೇ, 2006ರಲ್ಲಿ ರೆಫ್ರಿ ಮೇಲೆ ಕೋಪ ಬಂದು ಮ್ಯಾಚ್ ಮಧ್ಯದಲ್ಲೇ ಇಡೀ ಟೀಮನ್ನ ಕೋರ್ಟಿಂದ ಹೊರಗೆ ಕರ್ಕೊಂಡು ಹೋಗ್ಬಿಟ್ಳು, ಅದಕ್ಕೆ ಸಸ್ಪೆಂಡೂ ಆದ್ಳು. ಟೀಮಿನ ಜೀವ ಮಾಂಟೆನೆಗ್ರೋದ ಬೊಯಾನಾ ಪೊಪೊವಿಚ್. ಮೂರೂ ಕಪ್ಪಲ್ಲಿ ಅವ್ಳಿದ್ಳು, 2007ರ ಕಪ್ ಎತ್ತಿದ್ಮೇಲೆ ಎಲ್ಲಿಗೆ ಹೋದ್ಳು ಗೊತ್ತಾ, ವೀಬೋರ್ಗಿಗೆ, ಅಲ್ಲಿ 2009, 2010 ಮತ್ತೆರಡು ಹೊಡೆದ್ಳು, ಆಮೇಲೆ ತನ್ನ ದೇಶಕ್ಕೆ ವಾಪಸ್ ಹೋಗಿ ಬುದುಚ್ನೊಸ್ತ್ ಕ್ಲಬ್ಬಲ್ಲಿ 2012ಕ್ಕೆ ಇನ್ನೊಂದು. ಒಟ್ಟು ಆರು. ಆದ್ರಿಂದ ಸ್ಟಾರ್ ಇಲ್ದೆ ಯುರೋಪ್ ಗೆದ್ರು ಅಂತ ನಾನೂ ಹೇಳಲ್ಲ, ನಿಮ್ ಮಾತು ಅಲ್ಲಿಗೆ ಸರೀನೇ.

ಆದ್ರೆ ಸ್ಟಾರ್‌ಗಳು ಹೋದ್ಮೇಲೆ ಏನಾಯ್ತು ನೋಡ್ಬೇಕಲ್ಲ. 2010ರ ಫೈನಲಲ್ಲಿ ರೊಮೇನಿಯಾದ ಓಲ್ಟ್‌ಚಿಮನ್ನ ಸೋಲಿಸಿದ ಮೇಲೆ ವೀಬೋರ್ಗಿಂದ ಪೊಪೊವಿಚ್ ಹೋದ್ಳು, ಲುಂಡೆ ಹಂಗೇರಿಯ ಗ್ಯೋರಿಗೆ ಹೋದ್ಳು, 2012ಕ್ಕೆ ಯುರಾಕೂ ಮುಗೀತು, ಆದ್ರೂ ಟೀಮ್ ಮಣ್ಣಿಗೆ ಬೀಳ್ಲಿಲ್ಲ, 2014ರಲ್ಲಿ ಮತ್ತೆ ಡೆನ್ಮಾರ್ಕ್ ಚಾಂಪಿಯನ್ ಆಯ್ತು, ಅದೇ ವರ್ಷ ಯುರೋಪಿನ ಕಪ್ ವಿನ್ನರ್ಸ್ ಕಪ್ಪೂ ಬಂತು. ಆಮೇಲೆ ಹಿಂದೆ ಬಿದ್ರು ಅನ್ನೋದು ನಿಜ, ಈಗ ಡೆನ್ಮಾರ್ಕಿನ ಬೇರೆ ಕ್ಲಬ್‌ಗಳಾದ ಎಸ್ಬಿಯೆರ್ಗ್, ಓಡೆನ್ಸೆ ಕಾಲ, 2025ರ ಫೈನಲಿಗೆ ಹೋಗಿದ್ದು ಓಡೆನ್ಸೆ, ಗ್ಯೋರ್ ಹತ್ರ ಸೋತ್ರು. 2010 ಆದ್ಮೇಲೆ 2025ರ ತನಕ ಡೆನ್ಮಾರ್ಕಿನ ಯಾವ ಕ್ಲಬ್ಬಿಗೂ ಆ ಕಪ್ ಬಂದಿಲ್ಲ.

ಟೀಚರ್ ಕೇಳಿದ್ದಕ್ಕೆ ನಿಜವಾದ ಉತ್ರ ಇಲ್ಲಿದೆ ಅನ್ಸುತ್ತೆ. ಇಲ್ಲಿ ದೊಡ್ಡ ಟೀಮಿನ ವ್ಯವಹಾರ ಸಾಮಾನ್ಯವಾಗಿ ಒಂದು ಕಂಪ್ನಿ, ಮಕ್ಕಳು ಆಡೋ ಮೂಲ ಕ್ಲಬ್ಬೇ ಬೇರೆ, ಕಂಪ್ನಿ ಮುಳುಗಿದ್ರೂ ಕ್ಲಬ್ ಇರುತ್ತೆ. ಮತ್ತೆ ಹಾಲ್. ಕಾನೂನೇ ಇದೆ ಇಲ್ಲಿ, ಊರಿನ ಸಂಘಗಳಿಗೆ ಮುನಿಸಿಪಾಲ್ಟಿ ಜಾಗ ಕೊಡ್ಬೇಕು, ಇಪ್ಪತ್ತೈದು ವರ್ಷದೊಳಗಿನವ್ರಿಗೆ ಅನುದಾನ ಕೊಡ್ಬೇಕು ಅಂತ. ಹಾಗಾಗಿ ಒಂದು ಪುಟ್ಟ ಊರಿಗೆ ಹೋದ್ರೂ ಶಾಲೆ ಪಕ್ಕ ನಲವತ್ತು ಮೀಟರ್ ಉದ್ದ ಇಪ್ಪತ್ತು ಮೀಟರ್ ಅಗಲ ಕೋರ್ಟ್ ಇರೋ ಹಾಲ್ ಸಿಗುತ್ತೆ. ಸಂಜೆ ಹೋಗಿ ನೋಡಿ, ಐದು ಗಂಟೆಗೆ ಆರೇಳು ವರ್ಷದ ಮಕ್ಕಳು ಮೆತ್ತನೆ ಬಾಲಲ್ಲಿ ಆಡ್ತಿರ್ತಾರೆ, ಅವ್ರು ಹೋದ್ಮೇಲೆ ಹನ್ನೆರಡು ವರ್ಷದವ್ರು, ಒಂಬತ್ತು ಗಂಟೆಗೆ ನಲವತ್ತು ದಾಟಿದ ಅಮ್ಮಂದಿರು. ಕೋಚು ಯಾರೋ ಹುಡ್ಗಿಯ ಅಪ್ಪ, ಟೈಮ್‌ಕೀಪರ್ ಇನ್ಯಾರದೋ ಚಿಕ್ಕಮ್ಮ, ಮ್ಯಾಚಿನ ದಿನ ಬಾಗಿಲ ಹತ್ರ ಮೇಜು ಹಾಕಿ ಮನೆಲಿ ಮಾಡಿದ ಕೇಕು ಕಾಫಿ ಮಾರ್ತಾರೆ, ಆ ದುಡ್ಡು ಜರ್ಸಿಗೆ. ಕಾಫಿ ನಮ್ಮದಕ್ಕೆ ಹೋಲಿಸ್ಬೇಡಿ, ಬಿಸಿನೀರು ಅಷ್ಟೇ. ಹೊರಗೆ ಮೂರೂವರೆಗೇ ಕತ್ಲಾಗೋ ಚಳಿಗಾಲ, ಮನೆಲಿ ಕೂತು ಏನ್ ಮಾಡೋದು, ಎಲ್ರೂ ಹಾಲಿಗೆ.

ಅಣ್ಣ, ಹಾಕಿ ನಮಗೆ ಹೇಗೆ ಅಂಟ್ಕೊಂಡಿದ್ದು ನೀವೇ ಯೋಚ್ನೆ ಮಾಡಿ. 1997ರಲ್ಲಿ ಕರಡ ಅನ್ನೋ ಊರಲ್ಲಿ ಪಾಂಡಂಡ ಕುಟ್ಟಪ್ಪನವ್ರು ಕೊಡವ ಮನೆತನಗಳ ಕೌಟುಂಬಿಕ ಹಾಕಿ ಶುರು ಮಾಡಿದಾಗ ಅರವತ್ತು ಟೀಮು, 2025ರಲ್ಲಿ ಮುದ್ದಂಡ ಮನೆತನದವ್ರು ನಡೆಸಿದ ಕಪ್ಪಿಗೆ 396. ಯಾವ ಜರ್ಮನಿಯವ್ರನ್ನ ಕರ್ಸಿದ್ರು? ಮನೆಮನೆಯವ್ರೇ ಆಡಿದ್ದು, ಅಜ್ಜನ ಜೊತೆ ಮೊಮ್ಮಗಳು ಒಂದೇ ಟೀಮಲ್ಲಿ. ವೀಬೋರ್ಗಿನ ಐವತ್ತು ವರ್ಷದ ಬುಡಾನೂ ಇಂಥದ್ದೇ.

ಹಳೇ_ಸೆಂಟರ್‌ಹಾಫ್:

ಹಾಕಿ ವಿಷ್ಯಕ್ಕೆ ಕೈ ಹಾಕ್ದೆ ನೀನು, ಈಗ ನಾನು ಎದ್ರು ಮಾತಾಡೋಕಾಗಲ್ಲ. ಆದ್ರೂ ಒಂದು ಮಾತು, ಆ ಹಾಲ್ ಇಲ್ಲಿ ಕಟ್ಟೋರು ಯಾರು? ಟರ್ಫಿಗೇ ನಾವು ಎಷ್ಟು ವರ್ಷ ಕಾದ್ವಿ.

ಕಣದ_ಕಡೆಯವ್ನು:

ಹಾಲ್ ಬರೋ ತನಕ ಮಕ್ಕಳು ಅಜ್ಜಿಯರಾಗಿರ್ತಾರೆ. ಅಕ್ಕ, ನಿಮ್ ಸುತ್ತಮುತ್ತ ದೊಡ್ಡ ತೋಟದವ್ರು ಯಾರಾದ್ರೂ ಇದ್ರೆ ಕಾಫಿ ಕಣ ಕೇಳಿ ನೋಡಿ. ಡಿಸೆಂಬರಿಂದ ಮಾರ್ಚ್ ಕಾಫಿ ಒಣಗ್ಸೋಕೆ ಬೇಕು, ಅದಾದ್ಮೇಲೆ ಖಾಲಿ ಬಿದ್ದಿರುತ್ತೆ. ನಮ್ಮ ಕಣದಲ್ಲಿ ಕೋರ್ಟಿನ ಗೆರೆ ಆರಾಮಾಗಿ ಎಳೀಬಹುದು. ಏಪ್ರಿಲ್ ಮೇ ಪೂರ್ತಿ ಆಡಿಸಿ, ಸಂಜೆ ಮಳೆ ಬರೋದ್ರೊಳಗೆ ಮುಗಿಸ್ಬೇಕು ಅಷ್ಟೇ. ಜೂನ್ ಹಿಡಿದ್ಮೇಲೆ ಮಾತ್ರ ಬೇಡವೇ ಬೇಡ, ಪಾಚಿ ಕಟ್ಟಿ ನಾಯಿನೇ ಜಾರಿ ಬೀಳುತ್ತೆ. ಸಿಮೆಂಟಲ್ಲಿ ಬಿದ್ರೆ ಮೊಣಕಾಲು ಕಿತ್ತೋಗುತ್ತೆ, ನೀಕ್ಯಾಪ್ ಹಾಕಿಸಿ.

ಪಿಟಿ_ಟೀಚರ್_ವಿರಾಜಪೇಟೆ:

ತುಂಬಾ ಥ್ಯಾಂಕ್ಸ್ ಎಲ್ರಿಗೂ, ಹೋಲ್ಗರ್ ನೀಲ್ಸನ್ ವಿಷ್ಯ ಓದಿ ನಾನೇ ಸ್ಟಾಫ್‌ರೂಮಲ್ಲಿ ಎಲ್ರಿಗೂ ಹೇಳ್ಕೊಂಡು ಬಂದೆ 😄 ಕಣದ ಐಡಿಯಾ ನಂಗೆ ಹೊಳೆದೇ ಇರ್ಲಿಲ್ಲ, ಒಬ್ಬ ಹುಡ್ಗಿಯ ತಂದೆ ತೋಟದಲ್ಲಿ ರೈಟರ್ (ಲೆಕ್ಕ ನೋಡ್ಕೊಳ್ಳೋರು), ಅವ್ರ ಮೂಲಕ ಕೇಳಿಸ್ತೀನಿ. ಆದ್ರೆ ಮಳೆಗಾಲದ ಪ್ರಶ್ನೆ ಹಾಗೇ ಉಳೀತು, ನಮ್ ಕ್ರೀಡಾಕೂಟ ಬರೋದೇ ಮಳೆ ಮುಗಿಯೋದ್ರೊಳಗೆ.

ಇನ್ನೊಂದು, ವಿಡಿಯೋದಲ್ಲಿ ಅವ್ರು ಕೈಗೆ ಏನೋ ಅಂಟು ಹಚ್ಕೋತಾರಲ್ಲ, ಬಾಲ್ ಒಂದೇ ಕೈಲಿ ಹಿಡಿದು ಹೆಂಗೆ ಬೇಕಾದ್ರೂ ತಿರುಗಿಸ್ತಾರೆ, ಅದೇನು? ನಮ್ಮವ್ಳೊಬ್ಳು ಹಲಸಿನ ಮೇಣ ಹಚ್ಕೊಂಡು ಬಂದಿದ್ಳು. ಬಾಲೂ ಹೋಯ್ತು ಯೂನಿಫಾರ್ಮೂ ಹೋಯ್ತು.

ಹಳೇ_ಕೀಪರ್_ನಾಪೋಕ್ಲು:

ಅಯ್ಯೋ ಹಲಸಿನ ಮೇಣ!! ತೆಂಗಿನೆಣ್ಣೆ ಹಾಕಿ ಉಜ್ಜಿ, ಬಾಲಿಗೆ ಮಾತ್ರ ಎಣ್ಣೆ ಬೇಡ.

ಟೀಚರ್, ನಾನು ಕಾಲೇಜಲ್ಲಿ ಹ್ಯಾಂಡ್‌ಬಾಲ್ ಗೋಲ್‌ಕೀಪರ್ ಆಗಿದ್ದೆ. ಆ ಅಂಟು ಮರದ ರಾಳದ ಥರದ್ದು, ಡಬ್ಬಿಲಿ ಬರುತ್ತೆ, ಬೆರಳಿಗೆ ಹಚ್ಕೊಂಡು ಶೂ ಮೇಲೆ ಒಂದಿಷ್ಟು ಸ್ಟಾಕ್ ಇಟ್ಕೋತಾರೆ. ನೆಲ ಬಾಗಿಲ ಹಿಡಿ ಎಲ್ಲ ಅಂಟಾಗುತ್ತೆ ಅಂತ ಅಲ್ಲೇ ಎಷ್ಟೋ ಹಾಲಲ್ಲಿ ಬಿಡಲ್ಲ. ನಿಮ್ ಮಕ್ಕಳಿಗೆ ಅದು ಬೇಡ, ಮೊದ್ಲು ಬಾಲ್ ಸೈಜ್ ಸರಿಯಾಗಿದ್ಯಾ ನೋಡಿ. ಹೆಂಗಸ್ರ ಮ್ಯಾಚಿನ ಬಾಲ್ ಎರಡನೇ ನಂಬರ್, ಸುತ್ತಳತೆ 54ರಿಂದ 56 ಸೆಂಟಿಮೀಟರ್, ಎಷ್ಟೋ ಶಾಲೆಲಿ ಗಂಡಸ್ರ ಮೂರನೇ ನಂಬರ್ ಬಾಲ್ ಕೊಟ್ಟು ಆಡಿಸ್ತಾರೆ, ಹಿಡಿತಾನೇ ಸಿಗಲ್ಲ, ಆಗ ಮೇಣ ಹಚ್ಕೊಳ್ದೆ ಇನ್ನೇನ್ ಮಾಡ್ತಾರೆ ಪಾಪ.

ವಿಡಿಯೋ ತೋರ್ಸೋದಾದ್ರೆ ಕೀಪರ್ ಹುಡ್ಗಿಗೆ ಲುಂಡೆ ಒಬ್ಳನ್ನೇ ನೋಡೋಕೆ ಹೇಳಿ, ಬಾಲ್ ಕಡೆ ನೋಡೋದೇ ಬೇಡ. ಮೂಲೆಯಿಂದ ವಿಂಗ್ ಆಟಗಾರ್ತಿ ಹಾರೋವಾಗ ಹತ್ರದ ಕಂಬಕ್ಕೆ ಒತ್ತಿ ನಿಂತು, ಕೈಕಾಲು ಒಟ್ಟಿಗೆ ಅಗಲ ಮಾಡೋದು ಕೊನೆ ಕ್ಷಣದಲ್ಲಿ, ಅದಕ್ಕಿಂತ ಮುಂಚೆ ಅಲ್ಲಾಡೋದೇ ಇಲ್ಲ. ನಮ್ ಮಕ್ಕಳು ಬಾಲ್ ಕೈ ಬಿಡೋಕೆ ಮುಂಚೇನೇ ಹಾರಿರ್ತಾರೆ. ಮತ್ತೆ ಏಳು ಮೀಟರ್ ಥ್ರೋಗೆ (ಪೆನಾಲ್ಟಿ ಥರದ್ದು) ಕೀಪರನ್ನ ಗೋಲ್ ಲೈನಲ್ಲೇ ನಿಲ್ಲಿಸ್ಬೇಡಿ, ನಾಲ್ಕು ಮೀಟರ್ ಗೆರೆ ತನಕ ಮುಂದೆ ಬರೋಕೆ ರೂಲ್ ಇದೆ, ಮುಂದೆ ಬಂದಷ್ಟೂ ಹೊಡೆಯೋಳಿಗೆ ಗೋಲು ಚಿಕ್ಕದಾಗುತ್ತೆ.

ಮಳೆಗಾಲಕ್ಕೆ ಒಂದು ದಾರಿ ಇದೆ. ಕಕ್ಕಡ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯ) ಮದುವೆ ಗಿದುವೆ ಇರಲ್ಲ, ಸಮಾಜದ ಹಾಲ್‌ಗಳು ಖಾಲಿ. ಪೂರ್ತಿ ಕೋರ್ಟ್ ಆಗದಿದ್ರೂ ಪಾಸಿಂಗ್, ಬಾಲ್ ಹಿಡಿದು ಮೂರು ಸ್ಟೆಪ್ ಹಾಕೋ ಪ್ರಾಕ್ಟೀಸ್, ಕೀಪರ್ ಫುಟ್‌ವರ್ಕ್ ಇಷ್ಟಕ್ಕೆ ಧಾರಾಳ ಸಾಕು. ನಮ್ ಕಡೆ ಒಂದು ಹಾಲಲ್ಲಿ ಶಟಲ್ ಆಡೋಕೆ ಹೀಗೇ ಬಿಟ್ಟಿದ್ರು.

ಹಳೇ_ಸೆಂಟರ್‌ಹಾಫ್:

ಟೀಚರೇ, ನಿಮ್ ಕಡೆ ಸಮಾಜದ ಕಮಿಟಿಲಿ ನಮ್ಮ ಹಾಕಿಯವ್ರು ಇಬ್ರು ಇದಾರೆ, ನಾನು ಮಾತಾಡ್ತೀನಿ, ಮೆಸೇಜ್ ಹಾಕಿ. ಕೇಳೋಕೆ ಹೋಗೋವಾಗ ಹ್ಯಾಂಡ್‌ಬಾಲ್ ಅಂತ ಮೊದ್ಲೇ ಹೇಳ್ಬೇಡಿ, ಹೆಣ್ಮಕ್ಕಳ ವ್ಯಾಯಾಮ ಅನ್ನಿ, ಕಿಟಕಿ ಗಾಜಿಗೆ ನಾವೇ ನೆಟ್ ಕಟ್ತೀವಿ, ಆಡಿದ್ಮೇಲೆ ನೆಲ ಒರೆಸಿ ಕೊಡ್ತೀವಿ ಅನ್ನಿ. ಆ ಹಲಸಿನ ಮೇಣದ ಹುಡ್ಗೀನ ಮಾತ್ರ ಆ ದಿನ ಕರ್ಕೊಂಡು ಬರ್ಬೇಡಿ.